ಪುಡಿ ಅಲ್ಲೇ ಇರಲಿ

ಟಿಬಿಲಿಸಿಯ ಈ ನೆಲಮಾಳಿಗೆಯಲ್ಲಿ ರಾತ್ರಿ ಪಾಳಿ ನನ್ನದು.
ಕಬ್ಬಿಣದ ಪೆಟ್ಟಿಗೆಯೊಳಗೆ ಒಂದರ ಮೇಲೊಂದು
ಎರಡು ಹೋಳು ಸುಣ್ಣಕಲ್ಲು,
ನಡುವಿನ ಸೀಳು ಹಲ್ಲಿಗೆ ಹಲ್ಲು ಕಚ್ಚಿ ಕೂತಿದೆ.
ಮೇಲಿಂದ ಭಾರ ಬಿಡುತ್ತೇನೆ.
ಆಮೇಲೆ ಕೆಳಗಿನದನ್ನು ದೂಡು, ಎಳೆ. ದೂಡು, ಎಳೆ.

ಮೊದಲ ಸಲ ಕಲ್ಲು ಮಣಿಯುವುದಿಲ್ಲ.
ಜಾರೆಂದರೆ ಏರುತ್ತದೆ,
ಹಲ್ಲು ಹಲ್ಲಿನ ಬೆನ್ನು ಹತ್ತಿ
ಮೇಲಿನ ಹೋಳನ್ನೂ ಅದರ ಮೇಲಿನ ಅಷ್ಟೂ ಭಾರವನ್ನೂ
ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ.
ಪರದೆಯಲ್ಲಿ ಗೆರೆ ನೆಟ್ಟಗೆ ಮೇಲಕ್ಕೆ.
ಆಮೇಲೆ ಅಕ್ರೋಟು ಒಡೆದಂಥ ಸದ್ದು.
ಆ ಎತ್ತರಕ್ಕೆ ಗೆರೆ ಮತ್ತೆ ಬರುವುದಿಲ್ಲ.

ಎರಡನೆಯ ಸುತ್ತಿಗೆ ಅರ್ಧ ಏರು.
ಐದಕ್ಕೆ ದಿಬ್ಬ. ಹನ್ನೆರಡಕ್ಕೆ ಬಯಲು.
ಎತ್ತಿ ಹಿಡಿದದ್ದು ಮೆಲ್ಲಗೆ ಕೂರುತ್ತದೆ,
ಮೊದಲಿದ್ದ ಮಟ್ಟಕ್ಕಿಂತ ತುಸು ಕೆಳಗೇ.

ರಾಚಾದ ನಮ್ಮೂರಲ್ಲಿ ನೀರಿನ ಗಿರಣಿಯಿತ್ತು.
ಬೀಸುಕಲ್ಲು ನುಣುಪಾದರೆ ಮೆಕ್ಕೆಜೋಳ
ಒಡೆಯದೆ ಬರೀ ಬಿಸಿಯಾಗುತ್ತಿತ್ತು.
ಗಿರಣಿಯ ಬಾಬಾಲೆ ಚಾಣ ಹಿಡಿದು, ಕಣ್ಣು ಕಿರಿದು ಮಾಡಿ,
ಟಕ್ ಟಕ್ ಅಂತ ಕಲ್ಲಿಗೆ ಮತ್ತೆ ಮುಳ್ಳು ಹೊಡೆಯುತ್ತಿದ್ದಳು.
ಬೆಟ್ಟದೊಳಗಿನ ಸೀಳಿಗೆ ಅಂಥ ಬಾಬಾಲೆ ಇಲ್ಲ.

ಹೊಸದರಲ್ಲಿ ನಾನು ಸುತ್ತು ಸುತ್ತಿಗೂ ಪೆಟ್ಟಿಗೆ ಬಿಚ್ಚಿ
ಪುಡಿಯನ್ನು ಕುಂಚದಿಂದ ಗುಡಿಸುತ್ತಿದ್ದೆ,
ಶುಚಿಯಾಗಿದ್ದರೆ ಲೆಕ್ಕ ಸರಿಯಿರುತ್ತದೆ ಅಂತ.
ಗೆರೆಗಳೂ ಚೆಂದ ಬರುತ್ತಿದ್ದವು.
ಜುಂಬೆರ್ ಮೇಷ್ಟ್ರು ಒಂದು ದಿನ ನೋಡಿದರು.
ಬೈಯಲಿಲ್ಲ. ಕುಂಚ ತೆಗೆದು ತಮ್ಮ ಜೇಬಿಗಿಟ್ಟುಕೊಂಡು
"ಪಿಕ್ರಿಯಾ, ಬೆಟ್ಟದೊಳಗೆ ಕಸಗುಡಿಸುವವಳು ಇದ್ದಾಳೇನು?" ಅಂದರು.

ಅವತ್ತಿನಿಂದ ಪುಡಿ ಅಲ್ಲೇ ಇರುತ್ತದೆ.
ಮುರಿದ ಹಲ್ಲು ತಗ್ಗಿಗೆ ಬಿದ್ದು, ಅರೆದು, ಹಿಟ್ಟಾಗಿ,
ಒಮ್ಮೆ ರಾಗಿ ಚೆಲ್ಲಿದ ನೆಲದಂತೆ ಜಾರಿಸುತ್ತದೆ,
ಒಮ್ಮೆ ಒತ್ತಿ ಗಟ್ಟಿಯಾಗಿ ಅಡ್ಡ ನಿಲ್ಲುತ್ತದೆ.
ಯಾವಾಗ ಯಾವುದು, ಏಳು ವರ್ಷವಾದರೂ ಹೇಳಲಾರೆ.
ಬೇಗ ದೂಡಿದರೆ ಒಂದು ಮಾತು,
ನೀರು ಬಿಟ್ಟರೆ ಇನ್ನೊಂದು.

ಒಂದೇ ಸೀಳಿಗೆ ಎರಡು ಮೊದಲ ಸಲ ಇರುವುದಿಲ್ಲ.
ಅದಕ್ಕೇ ರಬ್ಬರಿನ ಅಚ್ಚು ತೆಗೆದು ಜಿಪ್ಸಮ್ ಹೊಯ್ದು
ನಲವತ್ತು ಜೊತೆ ಅವಳಿಗಳನ್ನು ಮಾಡಿದ್ದೇವೆ.
ಕಪಾಟಿನಲ್ಲಿ ಬೆಳ್ಳಗೆ ಸಾಲಾಗಿವೆ,
ಸ್ಕೂಲಿನ ಮೊದಲ ದಿನದ ಮಕ್ಕಳ ಹಾಗೆ.
ಮೂಲದ ಕಲ್ಲು ಒಂದೇ. ಅಣ್ಣ ಕಳಿಸಿದ್ದು.

ಅಣ್ಣ ಓತಿಯಾ ಒನಿಯ ಮೇಲುಗಡೆ ರಸ್ತೆ ಕಾಯುತ್ತಾನೆ.
ರಸ್ತೆಯ ನೆತ್ತಿಯ ಸೀಳಿಗೆ ಅಡ್ಡಲಾಗಿ
ಬೆರಳಗಲದ ಗಾಜಿನ ಪಟ್ಟಿಯನ್ನು ಗಾರೆಯಲ್ಲಿ ಕೂರಿಸಿದ್ದಾನೆ.
ಶಾಲೆಯ ವ್ಯಾನು ಬರುವ ಮುಂಚೆ ದಿನಾ ಹತ್ತಿ ನೋಡುತ್ತಾನೆ.
ಗಾಜು ಇದ್ದರೆ ಹಸಿರು ಬಾವುಟ.

ಹೋದ ತಿಂಗಳು ನೆಲ ನಡುಗಿ
ಮಾಳಿಗೆಯ ವೈನು ಜಾಡಿಗಳು ಒಂದಕ್ಕೊಂದು ತಾಗಿದವಂತೆ.
ದೇವರ ಚಿತ್ರ ಬಿತ್ತು. ಗಾಜಿಗೆ ಏನೂ ಆಗಲಿಲ್ಲ.
ಮೊನ್ನೆ ಮಂಗಳವಾರದ್ದು ನಾಯಿಯೂ ಬೊಗಳದಂಥದ್ದು,
ಲೆಕ್ಕದ ಪುಸ್ತಕದಲ್ಲಿ ಅರ್ಧ ಸಾಲು.
ಗಾಜು ಒಡೆದಿದೆ.

ಫೋನಿನಲ್ಲಿ ಅವನ ಉಸಿರು. ಹತ್ತಿದ ಏದುಸಿರು ಇರಬಹುದು.
"ಹೊಸ ಪಟ್ಟಿ ಕೂರಿಸಿದೆ. ವ್ಯಾನು ಕೆಳಗೇ ನಿಲ್ಲಿಸಿದೆ.
ಮಕ್ಕಳು ನಡೆದು ಹೋದರು, ಒಬ್ಬೊಬ್ಬರೇ, ಸದ್ದಿಲ್ಲದೆ.
ಹಳೇ ಗಾಜಿನ ಚೂರು ಸೀಳಿನೊಳಗೆ ಬಿದ್ದಿದೆ.
ತಂತಿ ಹಾಕಿ ತೆಗೆಯಲಾ?"

ಈಚೆ ಯಂತ್ರ ತಾನೇ ದೂಡುತ್ತಿತ್ತು, ಎಳೆಯುತ್ತಿತ್ತು,
ಇನ್ನೂರ ಹದಿಮೂರು, ಇನ್ನೂರ ಹದಿನಾಲ್ಕು.
ಕೈ ಕುಂಚವಿರುತ್ತಿದ್ದ ಮೊಳೆಯ ಕಡೆ ಹೋಗಿ
ಬರಿದೇ ಗೋಡೆ ಮುಟ್ಟಿತು.
"ಬೇಡ" ಅಂದೆ. "ಅಲ್ಲೇ ಇರಲಿ.
ಎಷ್ಟು ಬಿದ್ದಿದೆ ಅಂತ ಮಾತ್ರ ಬರೆದಿಟ್ಟುಕೋ."